ಚಳಿಗಾಲದಲ್ಲಿ ಕೆ2 ಹತ್ತೋದು ಯಾಕಷ್ಟು ಕಷ್ಟ? ಚಳಿಗಿಂತ ಗಾಳೀನೇ ವಿಲನ್!

[ಸ್ಕ್ರೀನ್ ಮೇಲೆ: ಕೆ2 ಫೋಟೋ, ತುದೀಲಿ ಹಾರ್ತಿರೋ ಹಿಮ]

ಎಲ್ರಿಗೂ ನಮಸ್ಕಾರ. 8 ಸಾವಿರ ಮೀಟರ್ ದಾಟಿದ ಬೆಟ್ಟಗಳು ಪ್ರಪಂಚದಲ್ಲಿ 14 ಇವೆ, ಅದ್ರಲ್ಲಿ ಎವರೆಸ್ಟನ್ನ ಪೋಲೆಂಡ್‌ನೋರು 1980ರಲ್ಲೇ ಚಳಿಗಾಲದಲ್ಲಿ ಹತ್ತಿಬಿಟ್ರು, ಆಮೇಲೆ ಒಂದೊಂದಾಗಿ ಉಳಿದವೂ ಆದ್ವು, ಕೆ2 ಮಾತ್ರ 2021ರವರೆಗೂ ಯಾರಿಗೂ ಬಗ್ಗಲಿಲ್ಲ. ಎತ್ತರ 8,611 ಮೀಟರ್, ಎವರೆಸ್ಟ್‌ಗಿಂತ ಕಮ್ಮೀನೇ. ಮತ್ತ್ಯಾಕೆ?

ಕೆ2 ಇರೋದು ಪಾಕಿಸ್ತಾನ-ಚೀನಾ ಗಡಿಯ ಕಾರಕೋರಂ ಬೆಟ್ಟಸಾಲಲ್ಲಿ, ಎವರೆಸ್ಟ್‌ಗಿಂತ ಸುಮಾರು 8 ಡಿಗ್ರಿ ಉತ್ತರಕ್ಕೆ. ಚಳಿಗಾಲದಲ್ಲಿ ಅಲ್ಲಿ ಮೇಲೆ ಗಾಳಿಯ ಒತ್ತಡ ಇನ್ನೂ ಇಳಿಯುತ್ತೆ, ಅಂದ್ರೆ ಮೊದ್ಲೇ ಸಾಲ್ದೇ ಇರೋ ಆಕ್ಸಿಜನ್ನು ಇನ್ನೂ ಕಮ್ಮಿ. ಅದ್ರ ಮೇಲೆ ಜೆಟ್ ಸ್ಟ್ರೀಮ್ ಬೇರೆ, ಅಂದ್ರೆ ತುಂಬಾ ಎತ್ತರದಲ್ಲಿ ಜೋರಾಗಿ ಬೀಸೋ ಗಾಳಿಯ ಹೊಳೆ.

ಈಗ ಗಾಳಿ ವಿಷ್ಯ. ನಮ್ ಚರ್ಮದ ಸುತ್ತ ಬೆಚ್ಚಗಿರೋ ಗಾಳಿಯ ಒಂದು ತೆಳು ಪದರ ಇರುತ್ತೆ, ಬೀಸೋ ಗಾಳಿ ಅದನ್ನ ಎಳ್ಕೊಂಡು ಹೋಗ್ತಾನೇ ಇರುತ್ತೆ, ದೇಹ ಮತ್ತೆ ಬಿಸಿ ಮಾಡ್ಬೇಕು. ಬೆಳಗಿನ ಜಾವ ಬೈಕಲ್ಲಿ ನಂದಿಬೆಟ್ಟಕ್ಕೆ ಗ್ಲೌಸ್ ಇಲ್ದೆ ಹೋಗಿರೋರಿಗೆ ಹೇಳೋದೇ ಬೇಡ! ಮೈನಸ್ 20ರಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದ್ರೆ ಚರ್ಮಕ್ಕೆ ಅದು ಮೈನಸ್ 34ರ ಥರ. ಆಗ ದೇಹ ಹೃದಯ, ಮೆದುಳು ಉಳಿಸ್ಕೊಳ್ಳೋಕೆ ಕೈಕಾಲಿಗೆ ರಕ್ತ ಕಮ್ಮಿ ಮಾಡುತ್ತೆ. ಬೆರಳು ಮೊದ್ಲು ಉರಿಯುತ್ತೆ, ಆಮೇಲೆ ಮರಗಟ್ಟುತ್ತೆ. ನೋವು ನಿಂತೋಯ್ತು ಅಂದ್ರೆ ಖುಷಿಪಡೋ ವಿಷ್ಯ ಅಲ್ಲ, ಫ್ರಾಸ್ಟ್‌ಬೈಟ್, ಅಂದ್ರೆ ಚರ್ಮ-ಮಾಂಸ ಹೆಪ್ಪುಗಟ್ಟೋದು, ಶುರುವಾಗಿರ್ಬಹುದು.

[ಸ್ಕ್ರೀನ್ ಮೇಲೆ: ಜನವರಿ 2021]

ಆ ಸಲ ನೇಪಾಳದ ಪರ್ವತಾರೋಹಿ ನಿರ್ಮಲ್ ಪುರ್ಜಾ ಟೀಮ್ ದಾರಿ ಮಧ್ಯದ ಕ್ಯಾಂಪ್ 2ರಲ್ಲಿ ಇಟ್ಟಿದ್ದ ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲಾ ಗಾಳಿಗೆ ಹಾಳಾಗೋಯ್ತು. ಹತ್ತೋಕೆ ಹೋದೋರ ಮಲಗೋ ಹಾಸಿಗೇನೇ ಇಲ್ಲ! ನಂಗೆ ತುದೀಲಿ ತೆಗೆದ ಫೋಟೋಗಿಂತ ಈ ಭಾಗಾನೇ ಇಷ್ಟ, ಯಾಕಂದ್ರೆ ಇಲ್ಲಿ ಗಂಡೆದೆ ಗಿಂಡೆದೆ ಏನೂ ನಡಿಯಲ್ಲ, ಮತ್ತೆ ಸಾಮಾನು ಹೊರ್ಬೇಕು, ಗಾಳಿ ಯಾವಾಗ ತಗ್ಗುತ್ತೆ ಅಂತ ಕಾಯ್ಬೇಕು, ಅಷ್ಟೇ. ಅವ್ರು, ಇನ್ನೊಬ್ಬ ಪರ್ವತಾರೋಹಿ ಮಿಂಗ್ಮಾ ಜಿ ಅವ್ರ ಟೀಮು, ಜೊತೆಗೆ ಇನ್ನೊಬ್ರು ಶೆರ್ಪಾ, ಒಟ್ಟು 10 ಜನ ನೇಪಾಳದೋರು ಸೇರ್ಕೊಂಡು ಹೊರಟ್ರು, ಜನವರಿ 16ಕ್ಕೆ ತುದಿ ಮುಟ್ಟೋ ಮುಂಚೆ ಎಲ್ಲರೂ ಬರೋವರೆಗೂ ನಿಂತು, ಒಟ್ಟಿಗೇ ಹೆಜ್ಜೆ ಹಾಕಿದ್ರು.

"ಗಾಳಿ ಕಮ್ಮಿ ಇತ್ತು, ಲಕ್ಕು" ಅನ್ನೋರೂ ಇದಾರೆ. ಇರ್ಬಹುದಪ್ಪ, ಆದ್ರೆ ಗಾಳಿ ಕಮ್ಮಿ ಆದ ದಿನ ಅವ್ರು ರೆಡಿ ಇದ್ರಲ್ಲ!

ಅದೇ ವರ್ಷ ಫೆಬ್ರವರಿ 5ಕ್ಕೆ ಪಾಕಿಸ್ತಾನದ ಪರ್ವತಾರೋಹಿ ಅಲಿ ಸದ್ಪಾರಾ ಮತ್ತೆ ಇನ್ನಿಬ್ರು ಮೇಲೆ ಹೋದೋರು ವಾಪಸ್ ಬರ್ಲೇ ಇಲ್ಲ. ಜೊತೇಲಿದ್ದ ಅಲಿಯ ಮಗ ಸಾಜಿದ್, ಆಕ್ಸಿಜನ್ ರೆಗ್ಯುಲೇಟರ್ ಕೈಕೊಟ್ಟಿದ್ದಕ್ಕೆ ಬಾಟಲ್‌ನೆಕ್ (ತುದಿಗೆ ಸ್ವಲ್ಪ ಕೆಳಗಿರೋ ಕಡಿದಾದ, ಇಕ್ಕಟ್ಟು ದಾರಿ) ಹತ್ರದಿಂದ ಇಳಿದು ಬಂದಿದ್ದ, ಹಾಗಾಗಿ ಉಳ್ಕೊಂಡ. ಜುಲೈನಲ್ಲಿ ಅಪ್ಪನ್ನ ಹುಡುಕೋಕೆ ಅವ್ನೇ ಮತ್ತೆ ಕೆ2ಗೆ ಹೋದ.