ಕಿವಿ ನೋವು ಬರುವುದು ಮೂಗಿನ ದಾರಿಯಿಂದ

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳ ಕಿವಿಗೆ ಹತ್ತಿ ಬಿತ್ತು, ತಲೆಗೆ ಮಫ್ಲರ್ ಬಂತು. ಗಾಳಿ ಹೊಕ್ಕೀತು, ನೀರು ಇಳಿದೀತು ಎಂಬ ಭಯ. ತಾಯಂದಿರೇ, ಅಜ್ಜಿಯಂದಿರೇ, ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಮಗುವಿನ ಕಿವಿ ನೋವು ಹೆಚ್ಚಿನ ಸಲ ಕಿವಿಯ ತೂತಿನಿಂದ ಒಳಗೆ ಹೋಗುವುದಲ್ಲ, ಮೂಗಿನಿಂದ ಬರುವುದು.

ಮೂಗಿನ ಹಿಂಭಾಗದಿಂದ ಕಿವಿಯ ತಮಟೆಯ ಒಳಬದಿಗೆ ಒಂದು ಸಣ್ಣ ನಳಿಕೆ ಇದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ ಮಲಗಿದಂತೆ ಇರುತ್ತದೆ. ನೆಗಡಿಯಾದಾಗ ಆ ನಳಿಕೆ ಊದಿ ಕಟ್ಟಿಕೊಳ್ಳುತ್ತದೆ, ಒಳಗೆ ನೀರು ನಿಲ್ಲುತ್ತದೆ, ಮೂಗಿನ ರೋಗಾಣು ಅಲ್ಲಿ ಸೇರಿ ಕೀವು ಮಾಡುತ್ತದೆ. ನಡುರಾತ್ರಿ ಮಗು ಕಿವಿ ಹಿಡಿದು ಚೀರುವುದು ಆಗಲೇ.

ನಾನು ಇದನ್ನು ವರ್ಷಗಟ್ಟಲೆ ಹೇಳಿದರೂ ಜನ ನಂಬಿರಲಿಲ್ಲ. ನಂಬುವ ಹಾಗೆ ಮಾಡಿದ್ದು ಕೊರೋನಾ.

ಅಂಕೋಲಾ ಕಡೆಯ ಒಬ್ಬ ಅಜ್ಜಿಯ ಮಾತು ಹೇಳುತ್ತೇನೆ. 2018ರ ಮಳೆಗಾಲ, 2019ರ ಮಳೆಗಾಲ, ಎರಡೂ ಸಲ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದರು. ಎಲೆಯಡಿಕೆ ಸಂಚಿಯೊಳಗೆ ಒಂದು ಪುಟ್ಟ ಸೀಸೆ, ಅದರಲ್ಲಿ ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ. ಹತ್ತಿ ತೆಗೆದು ಬೆಳಕು ಬಿಟ್ಟು ನೋಡಿದೆ. ಈರುಳ್ಳಿಯ ಒಳಸಿಪ್ಪೆಯಂತೆ ತೆಳ್ಳಗೆ, ಬೂದುಬಿಳಿ ಇರಬೇಕಾದ ತಮಟೆ ಮುರುಗಲು ಹಣ್ಣಿನ ಹಾಗೆ ಕೆಂಪಾಗಿ ಉಬ್ಬಿತ್ತು. "ಗಾಳಿ ಹೊಕ್ಕಿದೆ ಡಾಕ್ಟ್ರೆ" ಅಂದರು. ಮಳೆಗಾಲ ಮುಗಿಯುವ ತನಕ ಆ ಹುಡುಗನ ತಲೆಗೆ ಸ್ನಾನವನ್ನೇ ಮಾಡಿಸುತ್ತಿರಲಿಲ್ಲ. ಅಂಗನವಾಡಿಯಿಂದ ವಾರಕ್ಕೊಂದು ನೆಗಡಿ ಹೊತ್ತು ತರುತ್ತಿದ್ದದ್ದು ಮಾತ್ರ ಅವರಿಗೆ ಲೆಕ್ಕಕ್ಕೇ ಬಂದಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅಂಗನವಾಡಿ, ಶಾಲೆ, ಜಾತ್ರೆ, ಮದುವೆ ಎಲ್ಲ ನಿಂತವು. ಜೂನ್‌ನಲ್ಲಿ ಮಳೆ ಎಂದಿನಂತೆಯೇ ಹೊಯ್ಯಿತು. ಗಾಳಿಯೂ ಅದೇ, ನೀರೂ ಅದೇ. ಅಜ್ಜಿ ಆ ಮಳೆಗಾಲದಲ್ಲಿ ಬರಲೇ ಇಲ್ಲ. ಜನ ಆಸ್ಪತ್ರೆಗೆ ಬರಲು ಹೆದರಿದ್ದರು, ಅದು ನಿಜ. ಆದರೆ ಫೋನ್ ಮಾಡುತ್ತಿದ್ದರಲ್ಲ? ಜ್ವರಕ್ಕೆ, ಕಜ್ಜಿಗೆ, ಹೊಟ್ಟೆನೋವಿಗೆ ಫೋನ್ ಬರುತ್ತಿತ್ತು. ಕಿವಿಗೆ ಅಪರೂಪ. ದೀಪಾವಳಿ ಕಳೆದ ಮೇಲೆ ಅಜ್ಜಿ ತಮ್ಮ ಮಂಡಿನೋವು ಹೇಳಿಕೊಳ್ಳಲು ಬಂದರು. "ಅಲ್ರಾ ಡಾಕ್ಟ್ರೆ, ಈ ಸಲ ಮಳೇಲೇ ಆಡ್ದ, ದಿನಾ ನೆಂದ. ಕಿವಿ ಸೋರ್ಲೇ ಇಲ್ಲ ನೋಡಿ!" ಅಂದರು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. "ಅಜ್ಜೀ, ನೆಗಡಿ ಆಗಿತ್ತೇ?" ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ" ಅಂದರು. ಮೂಗು ಒಣಗಿತ್ತು, ಕಿವಿಯೂ ಒಣಗಿತ್ತು.

ಇದು ಅಂಕೋಲೆಯ ಒಂದು ಮನೆಯ ಕಥೆಯಲ್ಲ. ಅಮೆರಿಕ, ಇಟಲಿ, ಫ್ರಾನ್ಸ್, ಇಸ್ರೇಲ್, ಎಲ್ಲ ಕಡೆಯ ವೈದ್ಯರೂ ಆ ವರ್ಷದ ಬಗ್ಗೆ ಇದನ್ನೇ ಬರೆದಿಟ್ಟರು. ಮಕ್ಕಳ ಕಿವಿ ಸೋಂಕು ಒಮ್ಮೆಲೇ ಇಳಿಯಿತು. ಇಟಲಿಯಲ್ಲಂತೂ ಕಿವಿಯೊಳಗೆ ತಿಂಗಳುಗಟ್ಟಲೆ ನೀರು ನಿಂತಿದ್ದ ಎಷ್ಟೋ ಮಕ್ಕಳಿಗೆ ಮನೆಯಲ್ಲಿದ್ದೇ ಅದು ಆರಿತು. ಮಗು ಮಗುವಿಗೆ ನೆಗಡಿ ಹಚ್ಚುವುದು ನಿಂತಿತ್ತು, ಅಷ್ಟೇ.

ಮುಂದಿನದೂ ಕೇಳಿ. ನಮ್ಮಲ್ಲಿ 1ರಿಂದ 5ನೇ ತರಗತಿ 2021ರ ಅಕ್ಟೋಬರ್ 25ಕ್ಕೆ ತೆರೆಯಿತು, ಅಂಗನವಾಡಿ ನವೆಂಬರ್ 8ಕ್ಕೆ. ನೆಗಡಿ ಮರಳಿತು, ಬೆನ್ನಿಗೇ ಕಿವಿಯೂ. 2022ರ ಮಳೆಗಾಲದಲ್ಲಿ ಅದೇ ಅಜ್ಜಿ ಅದೇ ಹುಡುಗನ ತಂಗಿಯನ್ನು ಎತ್ತಿಕೊಂಡು ಬಂದರು. ಈ ಸಲ ಬಾಗಿಲಲ್ಲೇ ಹೇಳಿದರು, "ನಾಕು ದಿನದಿಂದ ಮೂಗು ಸೋರ್ತಿತ್ತು ಡಾಕ್ಟ್ರೆ." ಎಣ್ಣೆ ಸೀಸೆ ತಂದಿರಲಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಶಾಲೆ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಮೂಗು ಸುರಿಯುವ ಮಗುವನ್ನು ಎರಡು ದಿನ ಮನೆಯಲ್ಲಿಟ್ಟುಕೊಳ್ಳಿ. ಸಿಂಬಳ ಒರೆಸಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಸುಗೂಸಿಗೆ ಅಂಗಾತ ಮಲಗಿಸಿ ಬಾಟಲಿ ಹಾಲು ಕೊಡಬೇಡಿ, ತಲೆ ಮೇಲಿರಲಿ. ಮಗುವಿನ ಹತ್ತಿರ ಬೀಡಿ ಹೊಗೆ, ಒಲೆ ಹೊಗೆ ಬೇಡ. ಸೋರುವ ಕಿವಿಗೆ ಎಣ್ಣೆ ಬೇಡವೇ ಬೇಡ, ತಮಟೆ ತೂತಾಗಿದ್ದರೆ ಆ ಕಿವಿಗೆ ನೀರೂ ಹೋಗಬಾರದು. ಕರೆದರೆ ಓಗೊಡದ ಮಗುವನ್ನು ಹಟಮಾರಿ ಎಂದು ಬೈಯುವ ಮೊದಲು ಕಿವಿ ತೋರಿಸಿ.

ಕೊನೆಯದಾಗಿ ಲಸಿಕೆ. ಕಿವಿಯಲ್ಲಿ ಕೀವು ಮಾಡುವ ಮುಖ್ಯ ರೋಗಾಣುಗಳಲ್ಲೊಂದು ನ್ಯುಮೋಕಾಕಸ್. ಅದರ ಲಸಿಕೆ ಪಿಸಿವಿ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. 6ನೇ ವಾರ, 14ನೇ ವಾರ, 9ನೇ ತಿಂಗಳು, ಮೂರೂ ಕಡೆ ಪಿಸಿವಿ ಎದುರು ತಾರೀಖು ಬರೆದಿರಬೇಕು. ಕಾರ್ಡಿನ ಒಂದು ಚೌಕ ಖಾಲಿ ಇದ್ದರೂ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ನಾಳೆ ಬೆಳಿಗ್ಗೆಯೇ ತೋರಿಸಿ.

ನಮಸ್ಕಾರ.