ಹಾಸ್ಟೆಲ್ ಖರ್ಚು ಮತ್ತು ಮೆಸ್ಸಿನ ಲೆಕ್ಕ

ಕೇಳುಗ ಮಿತ್ರರಿಗೆ ನಮಸ್ಕಾರ.

ಟ್ರಂಕು, ಬಕೆಟ್ಟು, ಹಾಸಿಗೆ ಹೊತ್ತು ಹಾಸ್ಟೆಲ್ ಸೇರಲು ಹೊರಟ ಮಕ್ಕಳಿಗೆ ಮನೆಯವರು ಬಸ್ಸಿನ ಕಿಟಕಿಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ದುಡ್ಡು ನೋಡ್ಕೊಂಡು ಖರ್ಚು ಮಾಡು." ಎಲ್ಲಿ ನೋಡಿಕೊಳ್ಳಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಟೀ ಬಿಡು, ಸಿನಿಮಾ ಬಿಡು ಎನ್ನುವ ಬುದ್ಧಿವಾದ ನನಗಂತೂ ರುಚಿಸದು. ಸಂಜೆ ಕ್ಯಾಂಟೀನಿನಲ್ಲಿ ಕುಡಿಯುವ ಬೈ ಟೂ ಟೀಯಿಂದ ಯಾರ ಮನೆಯೂ ಮುಳುಗಿಲ್ಲ. ಕ್ಯಾಂಪಸ್ಸಿನಲ್ಲೇ ಇರುವ ವಿದ್ಯಾರ್ಥಿಯ ಹಣ ಉಳಿಯುವುದೂ ಸೋರುವುದೂ ಹೆಚ್ಚಾಗಿ ಒಂದೇ ಜಾಗದಲ್ಲಿ. ಅದು ಮೆಸ್.

ಹಿಂದೆ ನಮ್ಮಲ್ಲಿ ವಾರಾನ್ನ ಇತ್ತು. ಓದಲು ಪೇಟೆಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿದ್ದ. ಸಿದ್ಧಗಂಗೆಯಂಥ ಮಠಗಳು ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಕೊಟ್ಟದ್ದೂ ಇದೇ ಕಷ್ಟ ನೋಡಿ. ಫೀಸನ್ನು ಸಾಲ ಸೋಲ ಮಾಡಿ ವರ್ಷಕ್ಕೊಮ್ಮೆ ಕಟ್ಟಿಬಿಡಬಹುದು, ಊಟ ದಿನಕ್ಕೆರಡು ಹೊತ್ತು ಬೇಕು.

ವಿಶ್ವವಿದ್ಯಾಲಯಗಳ ಎಷ್ಟೋ ಹಾಸ್ಟೆಲುಗಳಲ್ಲಿ ಮೆಸ್ ನಡೆಯುವುದು ಡಿವೈಡಿಂಗ್ ಪದ್ಧತಿಯಲ್ಲಿ. ತಿಂಗಳ ಅಕ್ಕಿ, ಬೇಳೆ, ತರಕಾರಿ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಕೂಡಿಸಿ, ಎಲ್ಲರೂ ಉಂಡ ದಿನಗಳ ಒಟ್ಟು ಸಂಖ್ಯೆಯಿಂದ ಭಾಗಿಸುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳಿ. 200 ಜನ, 30 ದಿನ. ಅಂದರೆ 6,000 ದಿನದೂಟ. ಖರ್ಚು 5 ಲಕ್ಷ 40 ಸಾವಿರ ಆಯಿತೆನ್ನಿ. ದಿನಕ್ಕೆ 90 ರೂಪಾಯಿ, ತಿಂಗಳಿಗೆ 2,700. ಈಗ ಯಾರದೋ ಅಣ್ಣ, ಯಾರದೋ ಊರಿನ ಗೆಳೆಯ ಮೆಸ್ಸಿನ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸದೆ ಉಂಡುಹೋದರೆ? ಆ ಊಟದ ದುಡ್ಡೂ ಇದೇ 2,700ರೊಳಗೆ ಸೇರಿಕೊಳ್ಳುತ್ತದೆ. ತಟ್ಟೆಯಲ್ಲಿ ಬಿಟ್ಟ ಅನ್ನ, ಜನ ಎಣಿಸದೆ ಹಾಕಿದ ಎಸರು, ಸಂತೆ ಬಿಟ್ಟು ಪರಿಚಯದ ಅಂಗಡಿಯಿಂದಲೇ ತಂದ ತರಕಾರಿ ಇವೂ ಅಷ್ಟೇ. ಇದರಲ್ಲೆಲ್ಲ ಸೇರಿ 30 ಸಾವಿರ ಉಳಿಸಿದರೆ ಪ್ರತಿಯೊಬ್ಬರ ಬಿಲ್ಲಿನಲ್ಲೂ 150 ರೂಪಾಯಿ ಇಳಿಯುತ್ತದೆ. ಒಬ್ಬನೇ ಹೊಟ್ಟೆ ಕಟ್ಟಿ ಇದನ್ನು ಮಾಡಲಾಗದು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು, ಮೆಸ್ ಕಮಿಟಿ ಸಭೆಗೆ ಹೋಗಿ. ಬಿಲ್ಲು ಹೆಚ್ಚಾದ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತು ಬೈಯುವವರು ನೂರಾರು ಮಂದಿ, ಕಮಿಟಿಗೆ ಹೆಸರು ಕೊಡಿ ಅಂದರೆ ಎಲ್ಲರಿಗೂ ಅಂದೇ ಅಸೈನ್‌ಮೆಂಟು! ಖರೀದಿಗೆ ಹೋಗುವ ಸರದಿ ಬಂದರೆ ತಪ್ಪಿಸಿಕೊಳ್ಳಬೇಡಿ. ಬೆಳಗಿನ ಜಾವದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟಿಗೆ ಚೌಕಾಸಿ ಮಾಡುವ ವಿದ್ಯೆಯನ್ನು ಯಾವ ಬಿ.ಕಾಂ. ಪಠ್ಯವೂ ಕಲಿಸುವುದಿಲ್ಲ.

ಮೆಸ್ಸಿನ ಸಾರು ಸಪ್ಪೆ ಎಂದು ಹೊರಗೆ ತಿನ್ನುವುದು ಎರಡನೆಯ ಸೋರಿಕೆ. ಆ ಹೊತ್ತಿನ ಊಟಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ವಾರಕ್ಕೆರಡು ಸಲ ಮೊಬೈಲಿನಲ್ಲಿ 180 ರೂಪಾಯಿಯ ಬಿರಿಯಾನಿ ತರಿಸಿದರೆ ತಿಂಗಳಿಗೆ 1,440. ನಮ್ಮ ಉದಾಹರಣೆಯ ಮೆಸ್ ಬಿಲ್ಲಿನ ಅರ್ಧಕ್ಕಿಂತ ಹೆಚ್ಚಾಯಿತು. ಊರಿಗೆ ಹೋಗುವಾಗ ಎಷ್ಟು ದಿನ ಮುಂಚೆ ಬರೆದುಕೊಟ್ಟರೆ ಬಿಲ್ಲಿನಲ್ಲಿ ಕಡಿತ ಸಿಗುತ್ತದೆ ಎಂಬುದನ್ನು ವಾರ್ಡನ್ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ. ಹೋಗಿಬಂದ ಮೇಲೆ ಗೋಗರೆದರೆ ಸಿಗುವುದಿಲ್ಲ.

ಊರಿನ ಪ್ರಯಾಣದ ಮಾತು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಹುಡುಗರೇ, ನಿಮಗೆ ರೈಲಿದೆ. ರಜೆಗೆ ಸ್ವಂತ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಸ್ಲೀಪರ್ ದರ್ಜೆಯಲ್ಲಿ ರಿಯಾಯಿತಿ ಇದೆ. ಕಾಲೇಜಿನಿಂದ ರಿಯಾಯಿತಿ ಪತ್ರ ಬರೆಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಮೊಬೈಲಿನಲ್ಲೇ ಟಿಕೆಟ್ ಮಾಡಿ ಮಾಡಿ ಆ ಪತ್ರವನ್ನು ಕೇಳುವವರೇ ಕಡಿಮೆಯಾಗಿದ್ದಾರೆ.

ವಿದ್ಯಾರ್ಥಿವೇತನ ಸಿಗುವವರು ಒಂದು ಸಂಗತಿ ಗಮನಿಸಿ. ಸರ್ಕಾರದ ನೇರ ವರ್ಗಾವಣೆಯ ಹಣ ಬರುವುದು ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಕ್ಯಾಂಪಸ್ಸಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿ, ಹಳೆಯ ಪಾಸ್‌ಬುಕ್ಕನ್ನೇ ತಿರುವಿ ತಿರುವಿ ದುಡ್ಡು ಬಂದಿಲ್ಲ ಎಂದು ಕೊರಗುವವರಿದ್ದಾರೆ. ಖಾತೆ ತೆರೆಯುವಾಗ ಬೇಸಿಕ್ ಸೇವಿಂಗ್ಸ್ ಖಾತೆ ಬೇಕು ಎಂದು ಕೇಳಿ. ಅದರಲ್ಲಿ ಕನಿಷ್ಠ ಮೊತ್ತ ಇಡಬೇಕೆಂಬ ನಿಯಮವಿಲ್ಲ, ದಂಡದ ಮಾತೂ ಇಲ್ಲ. ವಿದ್ಯಾರ್ಥಿವೇತನ ತಡವಾದಾಗ ಕೈಸಾಲ ಬೇಕಾದೀತು. ಗೆಳೆಯರ ಹತ್ತಿರ ಕೇಳಿ, ವಾರ್ಡನ್ ಹತ್ತಿರ ಹೇಳಿಕೊಳ್ಳಿ, ಮನೆಗೆ ಫೋನ್ ಮಾಡಿ. ಐದೇ ನಿಮಿಷದಲ್ಲಿ ಸಾಲ ಎನ್ನುವ ಮೊಬೈಲ್ ಆ್ಯಪುಗಳ ಹತ್ತಿರ ಮಾತ್ರ ಸುಳಿಯಬೇಡಿ. ಅವುಗಳಲ್ಲಿ ಕೆಲವು ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೆಲ್ಲ ಬಾಚಿಕೊಂಡು, ವಸೂಲಿಗೆ ನೆಂಟರಿಷ್ಟರಿಗೆ ಕರೆ ಮಾಡಿ ಮರ್ಯಾದೆ ತೆಗೆಯುತ್ತವೆ.

ಪುಸ್ತಕದ ವಿಷಯ ಹೆಚ್ಚು ಹೇಳಬೇಕಿಲ್ಲ. ಸೀನಿಯರುಗಳ ಕಪಾಟು ನೋಡಿ, ಆಮೇಲೆ ಗ್ರಂಥಾಲಯ, ಕೊನೆಗೆ ಅಂಗಡಿ.

ಇನ್ನೊಂದು. ಸೇರುವಾಗ ಹಾಸ್ಟೆಲಿಗೂ ಗ್ರಂಥಾಲಯಕ್ಕೂ ಕಾಷನ್ ಡಿಪಾಸಿಟ್ ಎಂದು ಕಟ್ಟಿಸಿಕೊಂಡಿರುತ್ತಾರೆ. ಅದು ವಾಪಸ್ಸು ಬರುವ ಹಣ. ಕೊನೆಯ ಪರೀಕ್ಷೆ ಮುಗಿದ ಸಂಜೆಯೇ ಬಸ್ಸು ಹತ್ತುವ ಅವಸರದಲ್ಲಿ ಅದನ್ನು ಕೇಳಲು ಮರೆಯುವವರು ಬಹಳ. ರಸೀದಿಯನ್ನು ಅಂಕಪಟ್ಟಿಯ ಫೈಲಿನಲ್ಲೇ ಇಡಿ. ಹೊರಡುವ ಮೊದಲು ಬಾಕಿ ಏನೂ ಇಲ್ಲವೆನ್ನುವ ನೋ ಡ್ಯೂ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಬ್ಯಾಂಕ್ ಖಾತೆಯ ನಂಬರು ಬರೆದು ಅರ್ಜಿ ಕೊಟ್ಟು ಬನ್ನಿ.

ನಮಸ್ಕಾರ.