ಕರೆಂಟ್ ಬಿಲ್ ಇಳೀತು, ಕೆಲಸ ಏನಾಯ್ತು?

[ದೃಶ್ಯ: ರಾತ್ರಿಯ ಟೋಕಿಯೊ. ಒಂದೊಂದೇ ಮಹಡಿಯ ದೀಪ ಆರುತ್ತೆ.]

ನಮಸ್ಕಾರ. ಇಂಗಾಲ ಅಂದ ತಕ್ಷಣ ಕಾರ್ಖಾನೆ ಚಿಮಣಿ ನೆನಪಾಗುತ್ತೆ, ಅಲ್ವಾ? ಟೋಕಿಯೊದಲ್ಲಿ ಆಫೀಸುಗಳ ಎಸಿ, ಲಿಫ್ಟು, ದೀಪಗಳ ಪಾಲೂ ದೊಡ್ಡದು. ಅದಕ್ಕೇ 2010ರ ಏಪ್ರಿಲ್‌ನಲ್ಲಿ ಅಲ್ಲಿನ ನಗರಾಡಳಿತ ಆಫೀಸು ಕಟ್ಟಡಗಳ ಇಂಗಾಲಕ್ಕೂ ಮಿತಿ ಹಾಕಿತು. ವರ್ಷಕ್ಕೆ 1,500 ಕಿಲೋಲೀಟರ್ ಕಚ್ಚಾತೈಲಕ್ಕೆ ಸಮನಾದ ಅಥವಾ ಅದಕ್ಕಿಂತ ಹೆಚ್ಚು ಶಕ್ತಿ ಬಳಸೋರೆಲ್ಲ ಇದರೊಳಗೆ ಬಂದ್ರು. ನಿಯಮಕ್ಕೆ ಮುಂಚಿನ ಮಟ್ಟಕ್ಕೆ ಹೋಲಿಸಿದ್ರೆ, ಮೊದಲ ಐದು ವರ್ಷಕ್ಕೆ ಆಫೀಸುಗಳಿಗೆ 8%, ಕಾರ್ಖಾನೆಗಳಿಗೆ 6% ಕಡಿತ. ಮುಂದಿನ ಐದಕ್ಕೆ 17%, 15%. ಗುರಿಗಿಂತ ಹೆಚ್ಚು ಕಡಿತ ಮಾಡಿದವರು ಆ ಹೆಚ್ಚುವರಿಯನ್ನ ಬೇರೆಯವರಿಗೆ ಮಾರಬಹುದು. ತಪ್ಪಿದವರಿಗೆ ಕೊರತೆಯ 1.3 ಪಟ್ಟು ತುಂಬಿಕೊಡೋ ಆದೇಶ. ಅದಕ್ಕೂ ಬಗ್ಗದಿದ್ರೆ ದಂಡ, ಮೇಲೆ ಹೆಸರು ಬಹಿರಂಗ. ನನಗನಿಸೋದು, ದಂಡಕ್ಕಿಂತ ಅದೇ ಭಾರ.

ಮೊದಲ ಹಂತ ಮುಗಿಯೋ ಹೊತ್ತಿಗೆ ಕಡಿತ 25% ಮುಟ್ಟಿತ್ತು. 2011ರ ಭೂಕಂಪದ ನಂತರದ ವಿದ್ಯುತ್ ಅಭಾವಕ್ಕೂ ಇದರಲ್ಲಿ ಪಾಲಿದೆ, ಪೂರ್ತಿ ಶ್ರೇಯ ನಿಯಮಕ್ಕೆ ಕೊಡೋಕಾಗಲ್ಲ.

[ದೃಶ್ಯ: ತಕ್ಕಡಿ. ಒಂದು ಕಡೆ ಕರೆಂಟ್ ಬಿಲ್, ಇನ್ನೊಂದು ಕಡೆ ಸಂಬಳದ ಪಟ್ಟಿ.]

ಈಗ ಉತ್ಪಾದಕತೆಗೆ ಬರೋಣ. ಹಾಕಿದ್ದಕ್ಕೆ ಎಷ್ಟು ಬಂತು ಅನ್ನೋ ಲೆಕ್ಕ ಅದು. ಆಫೀಸಲ್ಲಿ ಹಾಕೋದ್ರಲ್ಲಿ ಸಂಬಳ ದೊಡ್ಡದು, ಕರೆಂಟು ಚಿಕ್ಕದು. ಹಾಗಾಗಿ ಎಷ್ಟು ಉಳಿಸಿದ್ರಿ ಅನ್ನೋದಕ್ಕಿಂತ ಹೇಗೆ ಉಳಿಸಿದ್ರಿ ಅನ್ನೋದು ಮುಖ್ಯ.

ಹಳೇ ಚಿಲ್ಲರ್, ಅಂದ್ರೆ ಇಡೀ ಕಟ್ಟಡದ ಎಸಿಗೆ ನೀರು ತಂಪು ಮಾಡೋ ಯಂತ್ರ, ಕಿತ್ತು ಹೊಸದು ಕೂರಿಸಿದ್ರೆ, ಅದೇ ತಂಪು ಕಮ್ಮಿ ಕರೆಂಟಲ್ಲಿ ಸಿಗುತ್ತೆ; ಕೂತು ಕೆಲಸ ಮಾಡೋರಿಗೆ ಗೊತ್ತೂ ಆಗಲ್ಲ. ಎಸಿ ತಗ್ಗಿಸಿ ಉಳಿಸಿದ್ರೆ? ಜಪಾನ್ ಸರ್ಕಾರ 2005ರಲ್ಲಿ ದೇಶಕ್ಕೆಲ್ಲ 'ಕೂಲ್ ಬಿಜ್' ತಂತು: ಟೈ ಬಿಚ್ಚಿ, ಬೇಸಿಗೆಯಲ್ಲಿ ಕೋಣೆ 28 ಡಿಗ್ರಿ ಇರಲಿ. ಟೈ ಬಿಚ್ಚಿದ್ದು ಒಳ್ಳೇದೇ. ಆದ್ರೆ ಸೆಕೆಯಲ್ಲಿ ತೂಕಡಿಸಿದ ಅರ್ಧ ಗಂಟೆ ಕರೆಂಟ್ ಬಿಲ್ಲಲ್ಲಿ ಕಾಣಲ್ಲ, ಸಂಬಳದಲ್ಲಿ ಸೇರಿಹೋಗುತ್ತೆ.

ಬಿಗಿ ನಿಯಮ ಬಂದ್ರೆ ಕಂಪನಿಗಳು ತಮ್ಮಲ್ಲೇ ಸೋರಿಹೋಗ್ತಿದ್ದದ್ದನ್ನ ಹುಡುಕ್ತಾವೆ ಅಂತ ಹಾರ್ವರ್ಡ್‌ನ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಮೈಕಲ್ ಪೋರ್ಟರ್ 1991ರಲ್ಲಿ ವಾದಿಸಿದ್ರು. ಚಿಲ್ಲರ್ ವಿಷಯದಲ್ಲಿ ಒಪ್ತೀನಿ. ಸೆಕೆ ವಿಷಯದಲ್ಲಿ ಖಂಡಿತ ಇಲ್ಲ.

[ದೃಶ್ಯ: ಕಟ್ಟಡದ ಅಡ್ಡಸೀಳು. ಮೇಲೆ ಮಾಲೀಕ, ಕೆಳಗಿನ ಮಹಡಿಗಳಲ್ಲಿ ಬಾಡಿಗೆದಾರರು.]

ಇಲ್ಲೊಂದು ತೊಡಕಿದೆ. ಚಿಲ್ಲರ್‌ಗೆ ದುಡ್ಡು ಹಾಕೋನು ಕಟ್ಟಡದ ಮಾಲೀಕ. ಬಿಲ್ ಇಳಿದ್ರೆ ಅನೇಕ ಕಡೆ ಲಾಭ ಬಾಡಿಗೆದಾರನಿಗೆ. ಹಾಗಿದ್ಮೇಲೆ ಮಾಲೀಕ ಯಾಕೆ ಕೈ ಬಿಚ್ತಾನೆ? ಟೋಕಿಯೊ ಮಿತಿಯ ಹೊಣೆಯನ್ನ ಮುಖ್ಯವಾಗಿ ಮಾಲೀಕನ ಮೇಲೇ ಹಾಕಿತು, ಬಾಡಿಗೆದಾರರು ಕೈಜೋಡಿಸೋದನ್ನ ಕಡ್ಡಾಯ ಮಾಡಿತು. ದೊಡ್ಡ ಬಾಡಿಗೆದಾರರು ತಮ್ಮದೇ ಉಳಿತಾಯದ ಯೋಜನೆ ಬರೆದುಕೊಡಬೇಕು. ಹಾಗಾಗಿ ಥರ್ಮೋಸ್ಟಾಟ್ ಮೇಲಿನ ಜಗಳ ಈಗ ಇಬ್ಬರೂ ಕೂತು ಮಾಡೋ ಮೀಟಿಂಗಿನೊಳಗೆ ಬಂದಿದೆ.